ಸದ್ದಡಗಿದ ಸ್ಕೂಟರು

ವಿಜ್ಞಾನದ ಮೇಷ್ಟ್ರಿಗೆ ಎರಡು ಸಂಗತಿಗಳಲ್ಲಿ ಅಚಲವಾದ ನಂಬಿಕೆಯಿತ್ತು. ಒಂದು, ಯಾವ ಯಂತ್ರವನ್ನೇ ಆಗಲಿ ಕ್ರಮವಾಗಿ ಬಿಚ್ಚಿದರೆ ಕ್ರಮವಾಗಿ ಜೋಡಿಸಬಹುದು. ಇನ್ನೊಂದು, ತಮ್ಮ ಮನೆಯೂ ಅಂಥದೇ ಯಂತ್ರ. ತಾವಿಲ್ಲದ ಹೊತ್ತಿನಲ್ಲೂ ತಾವು ಹಾಕಿಕೊಟ್ಟ ಕ್ರಮದಲ್ಲೇ ಓಡುತ್ತಿರುತ್ತದೆ.

ಇದಕ್ಕೆ ಪುರಾವೆಯೂ ಇತ್ತು. ಸಂಜೆ ಶಾಲೆಯಿಂದ ಬಂದು ಬಾಗಿಲು ತಳ್ಳಿದರೆ ಮಗಳು ಗಣಿತದ ಪುಸ್ತಕದಲ್ಲಿ ಮೂಗು ಹುದುಗಿಸಿರುತ್ತಿದ್ದಳು. ಸಕ್ಕರೆ ಕಾಯಿಲೆಯ ಅಪ್ಪ ಆ ಗೋಡೆಯಿಂದ ಈ ಗೋಡೆಗೆ ಕೈ ಬೀಸಿಕೊಂಡು ನಡೆಯುತ್ತಿದ್ದರು. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಟಿವಿ ಹೊದಿಕೆ ಹೊದ್ದು ಪರಮಸಾತ್ವಿಕನಂತೆ ಕೂತಿರುತ್ತಿತ್ತು. ಮೇಷ್ಟ್ರು ಪರೀಕ್ಷಿಸದೆ ಯಾವುದನ್ನೂ ನಂಬುವವರಲ್ಲ. ಚಪ್ಪಲಿ ಬಿಟ್ಟವರೇ ಎರಡು ಬೆರಳಿನಿಂದ ಟಿವಿಯ ಬೆನ್ನು ಮುಟ್ಟಿ ನೋಡುತ್ತಿದ್ದರು. ತಣ್ಣಗಿರುತ್ತಿತ್ತು. (ಟೇಬಲ್ ಫ್ಯಾನು ಮಾತ್ರ ಯಾವಾಗಲೂ ಮನುಷ್ಯರನ್ನು ಬಿಟ್ಟು ಟಿವಿಯ ಬೆನ್ನಿಗೇ ಗಾಳಿ ಬೀಸುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಹೆಂಡತಿ, “ಧೂಳು ಕೂರ್ಬಾರ್ದಲ್ಲ ರೀ, ಅದಕ್ಕೆ” ಎಂದಿದ್ದಳು. ತಮ್ಮ ಸಹವಾಸದಿಂದ ಇವಳಿಗೂ ವೈಜ್ಞಾನಿಕ ಮನೋಭಾವ ಅಂಟಿತಲ್ಲ ಎಂದು ಮೇಷ್ಟ್ರು ಹಿಗ್ಗಿದ್ದರು.)

ಕ್ರಮಕ್ಕೆ ಬಗ್ಗದೆ ಉಳಿದದ್ದು ಸ್ಕೂಟರು ಒಂದೇ. ಅಪ್ಪ ಹರೆಯದಲ್ಲಿ ಕೊಂಡ ಗಾಡಿ. ಎಡಕ್ಕೆ ವಾಲಿಸಿ, ಮರ್ಯಾದೆಯಿಂದ ಒದ್ದರೆ ಮಾತ್ರ ಹೊರಡುತ್ತಿತ್ತು. ಹೊರಟರೆ ಪಕ್ಕದ ತಗಡು, ಸ್ಟ್ಯಾಂಡು, ಸ್ಟೆಪ್ನಿ ಚಕ್ರ ಎಲ್ಲವೂ ತಮ್ಮ ತಮ್ಮ ಅಹವಾಲು ಹೇಳಿಕೊಳ್ಳುತ್ತಿದ್ದವು. ಇವೆಲ್ಲದರ ಮೇಲೆ ಅಧ್ಯಕ್ಷ ಭಾಷಣ ಸೈಲೆನ್ಸರಿನದು. ಮೇಷ್ಟ್ರು ದೊಡ್ಡ ರಸ್ತೆಯ ತಿರುವಿಗೆ ಬಂದದ್ದು ಬೀದಿಯ ಕೊನೆಯ ಮನೆಗೂ ತಿಳಿಯುತ್ತಿತ್ತು.

ಒಂದು ದಿನ ಹೆಡ್‌ಮಾಸ್ಟರು ಎಲ್ಲರೆದುರು, “ನೀವು ಗೇಟಿಗೆ ಬಂದ್ರೆ ಸಾಕು ಮೇಷ್ಟ್ರೇ, ಬೆಲ್ ಹೊಡೆಯೋದೇ ಬೇಡ” ಎಂದುಬಿಟ್ಟರು. ಅಂದೇ ಮೇಷ್ಟ್ರು ಊಟದ ಹೊತ್ತಿಗೆ ಘೋಷಿಸಿದರು: “ಸ್ಕೂಟರಿನ ಜೀರ್ಣೋದ್ಧಾರ ಮಾಡ್ತೀನಿ. ಬಣ್ಣ, ರಬ್ಬರು, ಹೊಸ ಇಗ್ನಿಷನ್ನು, ಕೊನೆಗೆ ಹೊಸ ಸೈಲೆನ್ಸರು. ಪಿಸುಮಾತಿನ ಹಾಗೆ ಓಡಬೇಕು.”

ಮನೆಯಲ್ಲಿ ಸಂಭ್ರಮವಾಗಬಹುದೆಂದು ಅವರ ನಿರೀಕ್ಷೆ. ಆದರೆ ಅಪ್ಪನ ಕೈಯ ತುತ್ತು ಅರ್ಧದಲ್ಲೇ ನಿಂತಿತು.

“ಬಣ್ಣ ಹೊಡಿ ಬೇಕಾದ್ರೆ. ಸದ್ದಿನ ಗೊಡವೆಗೆ ಹೋಗ್ಬೇಡ ಕಣೋ. ಅದು ಕೇಳ್ದೆ ನನಗೆ ಸಂಜೆ ಆಯ್ತು ಅನ್ಸೋದೇ ಇಲ್ಲ.”

“ಹಳೇ ಗಾಡಿ ಹಳೇದಾಗೇ ಇದ್ರೇನೇ ಬೆಲೆ ಅಪ್ಪಾ” ಎಂದಳು ಮಗಳು.

ಹೆಂಡತಿ ತಟ್ಟೆ ನೋಡುತ್ತಾ, “ಆ ಸದ್ದು ಕಿವಿಗೆ ಬಿದ್ದ ಮೇಲೇ ರೀ, ನನಗೆ ಕೈಕಾಲು ಆಡೋದು” ಎಂದಳು.

ಮದುವೆಯಾದಾಗಿನಿಂದ ಅವಳು ಇಷ್ಟು ಮನಬಿಚ್ಚಿ ಪ್ರೀತಿ ತೋರಿದ್ದು ಮೇಷ್ಟ್ರಿಗೆ ನೆನಪಿರಲಿಲ್ಲ. ಕಿವಿಯ ತುದಿ ಕೆಂಪಾಯಿತು. ಇಂಥವಳಿಗೆ ಎಂಥ ಗಾಡಿ ಮಾಡಿ ತೋರಿಸುತ್ತೇನೆ ನೋಡು ಎಂದು ಮತ್ತಷ್ಟು ಹಟ ಹುಟ್ಟಿತು.

ಭಾನುವಾರಗಳೆಲ್ಲ ಅಂಗಳದಲ್ಲೇ ಕಳೆದವು. ಮೇಷ್ಟ್ರು ತುಕ್ಕು ಕೆರೆದರು, ತಿಳಿಹಸಿರು ಬಣ್ಣ ಹೊಡೆದರು, ಅದುರುವ ತಗಡಿಗೆಲ್ಲ ರಬ್ಬರು ಕೊಟ್ಟರು. ಒಂದೊಂದು ಸದ್ದು ಸತ್ತಾಗಲೂ ಮನೆಯವರ ಮುಖ ಸಣ್ಣಗಾಗುತ್ತಿತ್ತು. (ಪಾಪ, ನನ್ನ ಶ್ರಮ ನೋಡಲಾರರು ಎಂದುಕೊಂಡರು ಮೇಷ್ಟ್ರು.) ಸೈಲೆನ್ಸರು ಹಾಕಿಸುವ ದಿನವನ್ನು ಮಾತ್ರ ಗುಟ್ಟಾಗಿಟ್ಟರು. ಒಂದು ಸಂಜೆ ಶಾಲೆ ಬಿಟ್ಟವರೇ ಗ್ಯಾರೇಜಿಗೆ ಹೋಗಿ ಹೊಸದನ್ನು ಹಾಕಿಸಿ, ಹಳೆಯದನ್ನು ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟರು.

ಸ್ಕೂಟರು ನಿಜಕ್ಕೂ ಪಿಸುಗುಟ್ಟಿತು. ಮನೆಯೆದುರು ನಿಲ್ಲಿಸಿದರೆ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಒಳಗೆ ಯಾರೋ ಕೇಕೆ ಹಾಕಿ ನಗುತ್ತಿದ್ದರು. ಮೇಷ್ಟ್ರು ಹೆಲ್ಮೆಟ್ ತೆಗೆದು ಕಿಟಕಿಕಟ್ಟೆಯ ಮೇಲಿಟ್ಟು, ಪರದೆಯ ಸಂದಿನಿಂದ ಇಣುಕಿದರು.

ಟಿವಿ ಕುಣಿಯುತ್ತಿತ್ತು. ಅಪ್ಪನ ಹೊಟ್ಟೆಯ ಮೇಲೆ ಕ್ರೀಮ್ ಬಿಸ್ಕತ್ತಿನ ಡಬ್ಬಿ. ಹೆಂಡತಿ ಮಡಿಸದ ಬಟ್ಟೆಯ ರಾಶಿಗೆ ಒರಗಿ ಕಾಲು ಚಾಚಿದ್ದಳು. ನಡುವೆ ಮಗಳು, ಮೂಗಿನ ತುದಿಯಲ್ಲಿ ಮೇಷ್ಟ್ರದೇ ಹಳೆಯ ಕನ್ನಡಕ. ಎದೆ ಸೆಟೆಸಿ ನಡೆದುಹೋಗಿ ಎರಡು ಬೆರಳಿನಿಂದ ಟಿವಿಯ ಬೆನ್ನು ಮುಟ್ಟಿದಳು.

“ಹ್ಞೂಂ! ತಣ್ಣಗಿದೆ! ಮನೆ ಅಂದ್ರೆ ಕ್ರಮ! ಕ್ರಮ ಅಂದ್ರೆ ಮನೆ!”

“ಮೀಸೆ ಸವರೋದು ಮರೆತ್ಯಲ್ಲೇ!” ಎಂದು ಅಪ್ಪ ಕೆಮ್ಮುವಂತೆ ನಕ್ಕರು.

ಮೇಷ್ಟ್ರು ಮೀಸೆಯ ಮೇಲಿದ್ದ ಕೈಯನ್ನು ತಟಕ್ಕನೆ ಕೆಳಗಿಳಿಸಿದರು.

“ಸಾಕು ಸಾಕು” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. “ಮಾವ, ಫ್ಯಾನು ಟಿವಿ ಬೆನ್ನ ಹತ್ತಿರ ಇಟ್ಬಿಡಿ. ಆ ಭೂಕಂಪ ಬರೋ ಹೊತ್ತಾಯ್ತು.”

ಮೇಷ್ಟ್ರಿಗೆ ಮೊದಲು ಬಂದದ್ದು ಕೋಪ. ಬಾಗಿಲು ದೂಡಿ ಆಡಬೇಕಾದ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡರು. ಹೆಜ್ಜೆಯನ್ನೂ ಎತ್ತಿದರು. ಅಷ್ಟರಲ್ಲಿ ಒಳಗಿನ ನಗು ಇನ್ನೊಮ್ಮೆ ಎದ್ದಿತು. ಹೆಂಡತಿ ಹೀಗೆ ನಗಬಲ್ಲಳೆಂಬುದೇ ಅವರಿಗೆ ಗೊತ್ತಿರಲಿಲ್ಲ. ತಾವು ಕ್ಲಾಸಿನ ಬಾಗಿಲಲ್ಲಿ ಕಾಣಿಸಿಕೊಂಡಾಗ ಗದ್ದಲ ಹೇಗೆ ಕತ್ತರಿಸಿ ಬೀಳುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಎತ್ತಿದ ಹೆಜ್ಜೆ ಹಿಂದಕ್ಕೇ ಬಿತ್ತು.

ಸ್ಕೂಟರನ್ನು ಸದ್ದಾಗದಂತೆ ತಿರುವಿನವರೆಗೆ ತಳ್ಳಿಕೊಂಡು ಹೋದರು. ಡಿಕ್ಕಿಯಿಂದ ಸ್ಪ್ಯಾನರು ತೆಗೆದು, ಗಾಡಿ ವಾಲಿಸಿ, ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಸೈಲೆನ್ಸರನ್ನು ಬಿಚ್ಚತೊಡಗಿದರು. ಓಡಿಬಂದ ಸೈಲೆನ್ಸರು ಕೆಂಡದಂತಿರುತ್ತದೆ ಎಂಬ ಪಾಠವನ್ನು ವರ್ಷವರ್ಷವೂ ಮಾಡುವವರು, ಅಂದು ಮರೆತು ಎರಡು ಬೆರಳು ಸುಟ್ಟುಕೊಂಡರು. ಹಳೆಯದು ಕೂತಿತು. ಒದ್ದರು.

ಬೀದಿಯೆಲ್ಲ ನಡುಗುವ ಹಾಗೆ ಮೇಷ್ಟ್ರು ಮನೆಗೆ ಬಂದರು.

ಬಾಗಿಲು ತೆರೆದರೆ ಎಲ್ಲವೂ ಕ್ರಮವಾಗಿತ್ತು: ಗಣಿತ, ನಡಿಗೆ, ಬಟ್ಟೆ, ಹೊದಿಕೆ, ತಿರುಗುವ ಫ್ಯಾನು. ಮೇಷ್ಟ್ರು ಟಿವಿಯ ಕಡೆ ಹೋಗಲಿಲ್ಲ. ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, “ಹೊಸ ಸೈಲೆನ್ಸರು ಹಾಕಿಸೋ ಯೋಚನೆ ಬಿಟ್ಟೆ. ಈ ಎಂಜಿನ್ನಿಗೆ ಅದು ಒಗ್ಗಲ್ಲ” ಎಂದರು.

ಹೆಂಡತಿ ಅವರ ಬರಿತಲೆಯನ್ನೂ ಬೆನ್ನ ಹಿಂದಿನ ಕೆಂಪು ಬೆರಳುಗಳನ್ನೂ ಒಮ್ಮೆ ನೋಡಿ, ಹೊರಗೆ ಹೋಗಿ ಬಂದಳು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಸುಟ್ಟ ಗಾಯದ ಮುಲಾಮು.

“ಇದು ಕಿಟಕಿಕಟ್ಟೆ ಮೇಲಿತ್ತು. ಮುಲಾಮು ಇಲ್ಲೇ ಕಪಾಟಿನಲ್ಲಿತ್ತು. ತೋರ್ಸಿ ಕೈ.”

ಮೇಷ್ಟ್ರು ಬೆರಳು ಚಾಚಿದರು. ಟಿವಿ ಮುಟ್ಟುವ ಅದೇ ಎರಡು ಬೆರಳು.

“ನಾಳೆಯಿಂದ ಟಿವಿನೇ ಮುಟ್ಟಿ ರೀ” ಎಂದಳು ಹೆಂಡತಿ, ಮೆಲ್ಲಗೆ ಮುಲಾಮು ಸವರುತ್ತಾ. “ಎಷ್ಟು ಕಾದಿದ್ರೂ ಅದು ಹೀಗೆ ಸುಡಲ್ಲ.”

ಮಗಳು ಪುಸ್ತಕದ ಹಿಂದೆ ಅಲುಗಾಡುತ್ತಿದ್ದಳು. ಅಪ್ಪ ನಡಿಗೆ ನಿಲ್ಲಿಸಿ, ಟೇಬಲ್ ಫ್ಯಾನನ್ನು ಟಿವಿಯಿಂದ ಮಗನ ಬೆರಳುಗಳ ಕಡೆಗೆ ತಿರುಗಿಸಿದರು.

“ಧೂಳು ಕೂರ್ಬಾರ್ದಲ್ಲ,” ಎಂದರು, “ಅದಕ್ಕೆ.”