ನಾನು ಕುಂಟಿ ತೋರಿಸಿದ ಪಾಠ

ನಿಜಾಮನ ಕಾಲ ಮುಗಿದು, ಶಾಲೆಯಲ್ಲಿ ಉರ್ದು ಹಿಂದೆ ಸರಿದು ಇಂಗ್ಲಿಷಿಗೆ ಮಾನ ಬಂದ ಹೊಸದು. ಇಡೀ ಮಸ್ಕಿಯಲ್ಲಿ ಇಂಗ್ಲಿಷ್ ಬಲ್ಲ ಮಾಸ್ತರ ನಾನೊಬ್ಬನೇ ಎಂದು ನಂಬಿದ್ದೆ. ಈ ನಂಬಿಕೆಗೆ ಕಾರಣ, ಸಿಂಧನೂರಿನಲ್ಲಿ ಕೊಂಡ ಒಂದು ಡಿಕ್ಷನರಿ. ಲಿಂಗಸೂಗೂರಿನಿಂದ ತಪಾಸಣೆಗೆ ಸಾಹೇಬರು ಬರುತ್ತಾರೆಂದು ತಿಳಿದಾಗ ಅದರಿಂದ ಎರಡು ಪದ ಹೆಕ್ಕಿದೆ: ಲಿಂಪ್ ಮತ್ತು ಹಾಬಲ್. ಮೊದಲನೆಯದು ಒಂದು ಕಾಲು ಎಳೆಯುತ್ತ ಕುಂಟುವುದು. ಎರಡನೆಯದು ಎರಡೂ ಕಾಲು ಕೈಕೊಟ್ಟವರ ತಡವರಿಕೆ. ಬರೀ ಬಾಯಲ್ಲಿ ಹೇಳಿದರೆ ಏನು ಬಂತು? ನಡೆದೇ ತೋರಿಸಬೇಕು!

ಹಿಂದಿನ ದಿನ ಸಂಜೆ ಅಂಗಳದಲ್ಲಿ ತಾಲೀಮು ನಡೆಸಿದೆ. ಹೆಂಡತಿ ನೀಲವ್ವ ಗಾಬರಿಯಾಗಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತಂದು ಕಾವು ಕೊಡತೊಡಗಿದಳು. ಕಾಲಿಗೆ ಏನೂ ಆಗಿಲ್ಲ, ಇದು ಪಾಠ ಎಂದು ತಿಳಿಸುವ ಹೊತ್ತಿಗೆ ಮೊಣಕಾಲು ಸುಟ್ಟು ಕೆಂಪಾಗಿತ್ತು. ಮತ್ತೊಮ್ಮೆ ನಡೆದು ತೋರಿಸಿದೆ. ಅವಳು ನಗಲಿಲ್ಲ.

“ಇದು ಭಾವನೋರ ನಡಿಗಿ. ಬ್ಯಾಡ್ರಿ,” ಅಂದಳು.

ಅವಳ ಭಾವ ಅಂದರೆ ನನ್ನ ಅಣ್ಣ ಶರಣಪ್ಪ. ಚಿಕ್ಕಂದಿನಲ್ಲಿ ಬಂಡಿಯ ಗಾಲಿ ಕಾಲ ಮೇಲೆ ಹರಿದು ಕುಂಟನಾದವನು. ನಾನು ಲಿಂಗಸೂಗೂರಿಗೆ ಓದಲು ಹೊರಟಾಗಲೆಲ್ಲ ನನ್ನ ಟ್ರಂಕು ಹೊತ್ತು ಬಸ್ಸಿನ ತನಕ ಮುಂದೆ ಮುಂದೆ ನಡೆದವನು ಅವನೇ. ಈಗಲೂ ದಿನಾ ಮಧ್ಯಾಹ್ನ ಶಾಲೆಗೆ ನನ್ನ ಬುತ್ತಿ ತರುತ್ತಿದ್ದ. ಹೆಂಗಸರಿಗೆ ಬೋಧನಾಶಾಸ್ತ್ರ ತಿಳಿಯದು ಎಂದುಕೊಂಡು ಸುಮ್ಮನಾದೆ.

ಮರುದಿನ ಸಾಹೇಬರ ಮುಂದೆ ಬೋರ್ಡಿನಿಂದ ಕಿಟಕಿಯ ತನಕ ಕುಂಟಿದೆ. ಮಕ್ಕಳು ನಕ್ಕರು. ಸಾಹೇಬರೂ ನಕ್ಕರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನೆಂಥ ಮಾಸ್ತರ! ಬೋರ್ಡು ಒರೆಸುವ ಬಟ್ಟೆಯನ್ನು ಬುತ್ತಿಗಂಟಿನಂತೆ ಹಿಡಿದು ಇನ್ನೊಂದು ಸುತ್ತು ಬಂದೆ. ನಗು ಥಟ್ಟನೆ ನಿಂತಿತು. ತಿರುಗಿದರೆ ಬಾಗಿಲಲ್ಲಿ ಅಣ್ಣ, ಕೈಯಲ್ಲಿ ನಿಜವಾದ ಗಂಟು. ಅದನ್ನು ಬಾಗಿಲ ಬದಿಗಿಟ್ಟು, ಸಾಹೇಬರಿಗೆ ಕೈಮುಗಿದು ಹೋದ.

ಬೋಧನೆ ಉತ್ತಮ ಎಂದು ಸಾಹೇಬರು ತಪಾಸಣೆ ಪುಸ್ತಕದಲ್ಲಿ ಬರೆದರು. ನಾನು ಅಂದು ಬುತ್ತಿಗಂಟನ್ನು ಬಿಚ್ಚದೆ ಹಾಗೆಯೇ ಮನೆಗೆ ತಂದೆ.

ಸಂಜೆ ತಪ್ಪಾಯಿತು ಎನ್ನಲು ಅಣ್ಣನ ಎದುರು ಕುಳಿತೆ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅವನೇ ಮೆಲ್ಲಗೆ ಹೇಳಿದ:

“ತಮ್ಮಾ, ನಂದು ಎಡಗಾಲು. ನೀ ಬಲಗಾಲು ಎಳದಿ. ಸಾಹೇಬ್ರಿಗೆ ಗೊತ್ತಾಗಿಲ್ಲ, ಬಿಡು.”

ಅಷ್ಟು ವರ್ಷ ಅವನ ಬೆನ್ನ ಹಿಂದೆಯೇ ನಡೆದವನು ನಾನು. ನೋಡಿದ್ದು ನನ್ನ ಟ್ರಂಕನ್ನು ಮಾತ್ರ.