ರಾಜನ ಮೂಗು

"ಹೊಸ ಬಣ್ಣ ಒಂದು ಹನಿ ಬಳಿಯಲ್ಲ! ಗೊಂಬೆ ಕಳಕೊಂಡಿದ್ದು ಎಲ್ಲೇ ಇರ್ಲಿ, ಹುಡುಕಿ ತಂದು ಅದಕ್ಕೇ ಕೂರಿಸುತ್ತೆ. ಇದು ಶುದ್ಧ ಸಂರಕ್ಷಣೆ ಕಣೇ!" ಎಂದು ಚಂದ್ರಮೌಳಿ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ. ಹಾಲಿನ ಕ್ಯಾನಿಗೆ ಆನೆಯ ಸೊಂಡಿಲು ಸಿಕ್ಕಿಸಿದಂತಿತ್ತು ಅದು.

ಹೆಂಡತಿ ವಾರಿಜಾ ತಲೆಯೆತ್ತಿ ನೋಡಿದಳು. ಗಂಡನ ಹಿಂದಿನ ಯಂತ್ರ ಮಗುಚಿದ ದೋಸೆ ಇನ್ನೂ ಅಡುಗೆಮನೆಯ ಸೂರಿಗೆ ಅಂಟಿಕೊಂಡಿತ್ತು. ಈಗ ಈ ಹೊಸದರ ಕೈಗೆ ಸಿಕ್ಕಿದ್ದು, ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ! ರಾಣಿ ನೆಟ್ಟಗಿದ್ದಳು, ರಾಜನಿಗೆ ಮೂಗಿರಲಿಲ್ಲ. ಇನ್ನೇನು ದಸರಾ ಗೊಂಬೆ ನೋಡಲು ಬೀದಿಯವರೆಲ್ಲ ಬರುವವರು. ಅತ್ತೆ ಪಂಕಜಮ್ಮ ಪ್ರತಿ ವರ್ಷ ಅವರೆದುರು ಒಂದೇ ಮಾತು ಹೇಳುತ್ತಿದ್ದರು: "ಏನ್ಮಾಡೋದು, ಬೀಗರು ಮೂಗಿಲ್ಲದ ರಾಜನ್ನ ಕೊಟ್ರು!"

"ಬಂದಾಗ ಮೂಗಿತ್ತು, ಅತ್ತೆ."

"ಮತ್ತೆಲ್ಲಿ ಹೋಯ್ತಮ್ಮ? ನೆಗಡಿಯಾಗಿ ಉದುರಿತಾ?"

ಮೌಳಿ ಗುಂಡಿ ಒತ್ತಿದ. ಸೊಂಡಿಲು ಒದ್ದೆ ಹತ್ತಿಯಿಂದ ರಾಜನ ಮುಖವನ್ನು, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ಒರೆಸಿತು. ವರ್ಷಾನುಗಟ್ಟಲೆ ಗೊಂಬೆ ಒರೆಸಿದ್ದ ಹಳೆಯ ಬಟ್ಟೆಯಿಂದ ಕೆಂಪು ಬಣ್ಣ ಎದ್ದು ಬಂದು ಪೇಟಕ್ಕೆ ಸೇರಿತು!

"ನೋಡ್ದ್ಯಾ?"

ಆಮೇಲೆ ಸೊಂಡಿಲು ಮೂಸುತ್ತ ಗೊಂಬೆಯ ಮೆಟ್ಟಿಲು ಹತ್ತಿತು. ದಶಾವತಾರ ದಾಟಿ, ಅತ್ತೆಯ ತವರಿನ ಶೆಟ್ಟಿ ಗೊಂಬೆಯ ಮುಂದೆ ನಿಂತಿತು. ಪಟಕ್ಕನೆ ಅವನ ಮೂಗು ಕಿತ್ತು ರಾಜನಿಗೆ ಕೂರಿಸಿತು. ಕೂದಲೆಳೆಯಷ್ಟೂ ಸಂದಿಲ್ಲ!

ವಾರಿಜಾ ಅತ್ತೆಯನ್ನು ನೋಡಿದಳು. ಅತ್ತೆ ಸೂರಿನ ದೋಸೆ ನೋಡಿದರು.

"ಶೆಟ್ಟಿ ಪಾಪ ವ್ಯಾಪಾರಸ್ಥ, ನಾಲ್ಕು ಜನಕ್ಕೆ ಮುಖ ತೋರಿಸ್ಬೇಕು. ರಾಜನ್ನ ಯಾರು ಕೇಳ್ತಾರೆ ಅಂತ…"

"ಅತ್ತೆ!"

ಯಂತ್ರ ನಿಲ್ಲಲಿಲ್ಲ. ಈಗ ಶೆಟ್ಟಿಗೆ ಮೂಗಿಲ್ಲವಲ್ಲ! ಸೊಂಡಿಲು ಗರ್ರನೆ ತಿರುಗಿ ಮೌಳಿಯ ಹೊಟ್ಟೆಗೆ ಕಚ್ಚಿಕೊಂಡಿತು.

"ಅಮ್ಮಾ! ನನ್ನ ಹೊಟ್ಟೆಗ್ಯಾಕೆ?"

"ಹಲ್ಲು ಬರೋವಾಗ ಶೆಟ್ಟಿ ಮೂಗು ಕಡಿದು ನುಂಗಿದ್ದು ನೀನೇ ಕಣೋ! ಡಜನ್ ಬಾಳೆಹಣ್ಣು ತಿನ್ನಿಸಿದ್ರೂ ಈಚೆ ಬರ್ಲೇ ಇಲ್ಲ!"

"ರೀ, ನಿಲ್ಲಿಸ್ರೀ ಅದನ್ನ!"

"ಕೆಲಸ ಅರ್ಧಕ್ಕೆ ಬಿಡದ ಹಾಗೆ ಮಾಡಿದೀನಿ ಕಣೇ!"

ಮೂಗು ಬೇರೆಯಾಗಿ ಸಿಗದ್ದರಿಂದ ಸೊಂಡಿಲು ಮೌಳಿಯನ್ನು ಇಡಿಯಾಗಿ ಎತ್ತಿ, ಮೆಟ್ಟಿಲ ಮೇಲೆ ಶೆಟ್ಟಿಯ ಮುಖಕ್ಕೆ ಹೊಟ್ಟೆ ಒತ್ತಿ ಕೂರಿಸಿತು. ಅಷ್ಟರಲ್ಲಿ ಬಾಗಿಲು ತೆರೆದು, ಪಕ್ಕದ ಮನೆಯ ರುಕ್ಕಮ್ಮ ಬೀದಿಯವರೊಂದಿಗೆ ಒಳಗೆ ಬಂದೇಬಿಟ್ಟರು.

"ಇದೇನು ವಾರಿಜಾ, ಈ ಸಲ ಇಷ್ಟು ದೊಡ್ಡ ಗೊಂಬೆ! ತವರಿಂದ ಬಂತಾ?"

ವಾರಿಜಾ ರಾಜನ ಪೇಟ ಸರಿಮಾಡಿದಳು.

"ಇಲ್ಲ ರುಕ್ಕಮ್ಮನೋರೇ. ನಮ್ಮ ತವರಿನದ್ದು ಮೂಗು ಸಮೇತ ಇಲ್ಲಿದೆ ನೋಡಿ. ಅದು ಅತ್ತೆಯ ಕಡೆಯದು. ಸಂರಕ್ಷಣೆ ಮಾಡ್ಬಹುದು ಅಷ್ಟೆ, ರಿಪೇರಿ ಆಗಲ್ಲ."