ಅರವತ್ತೆರಡನೇ ಇಸವಿಯ ಸವತಿ

ನನ್ನ ಗಂಡನಿಗೆ ಇನ್ನೊಬ್ಬಳಿದ್ದಾಳೆ. ಇದೇನೂ ಗುಟ್ಟಲ್ಲ. ಅಮೆರಿಕದ ಲಾಂಗ್ ಬೀಚಿನ ನಮ್ಮ ಬೀದಿಯವರಿಗೆಲ್ಲ ಗೊತ್ತು, ಯುಗಾದಿಗೆ ಸೇರುವ ಕನ್ನಡದ ಆಂಟಿಯರಿಗೆಲ್ಲ ಗೊತ್ತು, ಉಡುಪಿಯಲ್ಲಿರುವ ನಮ್ಮ ಅತ್ತೆಗೂ ಗೊತ್ತು. ಅತ್ತೆಯಂತೂ ಫೋನ್ ಮಾಡಿದಾಗೆಲ್ಲ ನನಗಿಂತ ಮೊದಲು ಅವಳ ಆರೋಗ್ಯ ವಿಚಾರಿಸುತ್ತಿದ್ದರು. ಹುಟ್ಟಿದ್ದು ಅರವತ್ತೆರಡನೇ ಇಸವಿಯಲ್ಲಿ, ಅಂದರೆ ನನಗಿಂತ ಹಿರಿಯಳು. ಕೆನೆ ಬಣ್ಣ, ನಾಲ್ಕು ಬಾಗಿಲು, ನಮ್ಮ ಅಡುಗೆಮನೆಗಿಂತ ಉದ್ದ. ಮಲಗುವುದು ಗ್ಯಾರೇಜಿನಲ್ಲಿ, ಮೈತುಂಬ ಮೆತ್ತನೆಯ ಹೊದಿಕೆ ಹೊದ್ದು. ನನ್ನ ಪುಟ್ಟ ಜಪಾನಿ ಕಾರು ಬೀದಿಯ ಬಿಸಿಲಿನಲ್ಲಿ ಬಣ್ಣ ಕಳೆದುಕೊಂಡು ನಿಂತಿರುತ್ತಿತ್ತು.

ಆ ಅಮೆರಿಕನ್ ಸೆಡಾನಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂದು ನಮ್ಮಜ್ಜಿ ಕಲಿಸಿದ್ದರು. ಸವತಿಯ ಹೆಸರು ಹೇಳಬಾರದೆಂದು ನಾನೇ ಕಲಿತುಕೊಂಡೆ.

ಇದು ತೊಂಬತ್ತರ ದಶಕದ ಮಾತು. ಇವರು ಹಗಲಿನಲ್ಲಿ ಟೆಲಿಕಾಂ ಕಂಪನಿಯೊಂದರ ಇಂಜಿನಿಯರ್. ಸಂಜೆಯಾದ ಮೇಲೆ ಅವಳ ಸೇವಕ. ಆ ಕಾಲದ ಅಮೆರಿಕದ ಕಾರು ಕಂಪನಿಗಳು ಒಂದೇ ಕಾರನ್ನು ವರ್ಷ ವರ್ಷವೂ ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿಸಿ ಹೊಸದೆಂದು ಮಾರುತ್ತಿದ್ದವಂತೆ. ಒಂದು ವರ್ಷ ಬಾಗಿಲಿನ ಹಿಡಿ ಉದ್ದ, ಮರುವರ್ಷ ಗಿಡ್ಡ. ಅರವತ್ತೆರಡರಲ್ಲಿ ಮುಂದಿನ ಸಿಗ್ನಲ್ ದೀಪ ಬಿಳಿ, ಅರವತ್ತಮೂರರಲ್ಲಿ ಅರಿಶಿನ. ಇದೆಲ್ಲ ಯಾರಿಗೆ ಬೇಕು ಹೇಳಿ? ನಮ್ಮವರಿಗೆ ಬೇಕು! ಯಾವ ಬಿಡಿಭಾಗವನ್ನು ಕೈಗೆ ಕೊಟ್ಟರೂ ಹೆಬ್ಬೆರಳಿನಿಂದ ಒಮ್ಮೆ ಸವರಿ ಅದರ ಇಸವಿ ಹೇಳುತ್ತಿದ್ದರು. ಅವಳ ಮೈಮೇಲೆ ಅರವತ್ತೆರಡರದ್ದಲ್ಲದ ಒಂದು ತಿರುಪುಮೊಳೆ ಇದ್ದರೂ ಇವರಿಗೆ ಊಟ ರುಚಿಸುತ್ತಿರಲಿಲ್ಲ. ನಾನು ಸಾರಿಗೆ ಉಪ್ಪು ಹಾಕದ ದಿನ ಮಾತ್ರ ಏನೂ ಗೊತ್ತಾಗದೆ ಉಣ್ಣುತ್ತಿದ್ದರು.

ಬೇರೆ ಹೆಂಡಂದಿರನ್ನು ಗಂಡಂದಿರು ಭಾನುವಾರ ಸಮುದ್ರತೀರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನ್ನನ್ನು ಗುಜರಿ ಯಾರ್ಡಿಗೆ. ಸತ್ತ ಕಾರುಗಳ ಸಾಲಿನಲ್ಲಿ ಹುಡುಕುತ್ತಾ ಹೋಗಿ ಒಂದು ದಿನ ಕಿಟಕಿ ಏರಿಸುವ ಹಿಡಿಗಳೆರಡನ್ನು ಬಿಚ್ಚಿ ತಂದು ನನ್ನ ಮುಂದೆ ಹಿಡಿದರು.

"ಯಾವುದು ನಮ್ಮದು ಹೇಳು ನೋಡುವ."

"ಎರಡೂ ಒಂದೇ ಥರ ಇದೆಯಲ್ರೀ."

"ಒಂದೇ ಥರ ಎಂತ ಮಾರಾಯ್ತಿ! ಈ ಗುಂಡಿ ನೋಡು, ನಡುವೆ ತಗ್ಗು ಉಂಟು. ಇದು ಅರವತ್ತಮೂರರದ್ದು."

"ನನ್ನ ಮದುವೆ ಸೀರೆಗೂ ಅದರ ಮರುವರ್ಷ ತಗೊಂಡ ಸೀರೆಗೂ ಅಂಚು ಬೇರೆ ಅಂತ ಎಷ್ಟು ಸಲ ಹೇಳಿದ್ದೀನಿ. ಏನಂದಿರಿ ನೀವು?"

ಇವರು ನಿಜವಾಗಿಯೂ ಯೋಚಿಸಿದರು. "ಎರಡೂ ಕೆಂಪು ಅಲ್ವಾ?"

ಹೊಟ್ಟೆ ಉರಿಯದೆ ಇರುತ್ತದೆಯೇ? ನನಗೂ ಕಣ್ಣು, ಮೂಗು, ಕಿವಿ ಎಲ್ಲ ಇದ್ದವು. ವರ್ಷ ವರ್ಷವೂ ಅಲ್ಲಿಷ್ಟು ಇಲ್ಲಿಷ್ಟು ಬದಲಾಗುತ್ತಲೂ ಇದ್ದವು. ಆ ಕಿಟಕಿಯ ಹಿಡಿಯನ್ನು ನೋಡಿದ ಹಾಗೆ ಒಂದು ಸಲ ನನ್ನನ್ನು ನೋಡಿದ್ದರೆ ಸಾಕಿತ್ತು. ನನಗೆ ಬೇಕಾಗಿದ್ದು ಅಷ್ಟೇ.

ಆರ್ಟೀಸಿಯಾದ ಪ್ರಕರಣ ಕೇಳಿ. ಅಲ್ಲಿ ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಪಯೋನೀರ್ ಬುಲೆವಾರ್ಡಿನಲ್ಲಿ ಬೆಂಡೆಕಾಯಿ, ಕರಿಬೇವು, ಎರಡು ಕುಲ್ಫಿ ಕೊಂಡು ಹೊರಗೆ ಬರುತ್ತಿದ್ದೆವು. ಎದುರಿಗೆ ನಮ್ಮ ಗ್ಯಾರೇಜಿನವಳ ಕುಲದವಳೇ, ಅದೇ ಇಸವಿಯವಳೇ ಒಬ್ಬಳು, ನೇರಳೆ ಬಣ್ಣದವಳು, ಮೆಲ್ಲಗೆ ತೇಲಿಕೊಂಡು ಹೋದಳು. ಇವರು ಚೀಲವನ್ನೂ ಕುಲ್ಫಿಯನ್ನೂ ನನ್ನ ಕೈಗೆ ತುರುಕಿ ಅವಳ ಹಿಂದೆ ಓಡಿದರು. ಸಿಗ್ನಲ್ಲಿನಲ್ಲಿ ಕಿಟಕಿ ತಟ್ಟಿ, "ನಿಮ್ಮ ಬಾಗಿಲಿನ ಹಿಡಿ ಮರುವರ್ಷದ್ದು" ಅಂದರು. ಒಳಗಿದ್ದವನು ಆರಡಿಯ ಮೆಕ್ಸಿಕನ್, ಕತ್ತಿನ ತನಕ ಹಚ್ಚೆ. ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದ. ನಾನು ಸೀರೆ ಅಂಗಡಿಯ ಬಾಗಿಲಲ್ಲಿ ನಿಂತು ತಾಳಿ ಹಿಡಿದುಕೊಂಡೆ.

ಅವನು ಇವರನ್ನು ತಬ್ಬಿಕೊಂಡ! "ಬ್ರದರ್, ಇದನ್ನು ಕಂಡುಹಿಡಿದವನು ನೀನೊಬ್ಬನೇ" ಅಂದ. ಆಮೇಲೆ ಇಬ್ಬರೂ ರಸ್ತೆ ಬದಿಯಲ್ಲಿ ಅದರ ಹೊಟ್ಟೆಯಡಿಗೆ ತೂರಿಕೊಂಡರು. ಹೊರಗೆ ಕಾಣುತ್ತಿದ್ದುದು ನಾಲ್ಕು ಕಾಲುಗಳು ಮಾತ್ರ. ಎರಡೂ ಕುಲ್ಫಿಯನ್ನು ನಾನೇ ತಿಂದೆ. ಮನೆಯಲ್ಲಿ ಎರಡು ಜೊತೆ ಹಿಡಿ ಇದೆಯೆಂದು ಒಂದು ಜೊತೆಯನ್ನು ಇವರು ಅವನಿಗೆ ಕೊಡುವುದಾಗಿ ಮಾತಾಯಿತು. ಆ ಹೊತ್ತಿಗೆ ನಾನು ಹೊಸ ಮೂಗುಬೊಟ್ಟು ಹಾಕಿಕೊಂಡು ತಿಂಗಳುಗಳೇ ಕಳೆದಿದ್ದವು. ಅದನ್ನು ಅವತ್ತು ಮೊದಲು ಗಮನಿಸಿ ಚೆನ್ನಾಗಿದೆ ಅಂದವನೂ ಆ ಹಚ್ಚೆಯವನೇ.

ಆಯುಧಪೂಜೆಯ ದಿನವಂತೂ ನೇರ ಜಗಳ. ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗ್ಯಾರೇಜಿಗೆ ಹೋದರೆ, ಇವರು ಬಾನೆಟ್ಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ಮೂಲೆಗೂ ಟೇಪ್ ಅಂಟಿಸುತ್ತಿದ್ದರು.

"ಇದ್ರ ಮೇಲೆ ಹಚ್ಚು. ಪೇಂಟಿಗೆ ಕಲೆ ಆಗ್ತದೆ."

"ಪೂಜೆ ಕಾರಿಗೋ ಪ್ಲಾಸ್ಟಿಕ್ಕಿಗೋ?"

"ದೇವರಿಗೆ ಎಲ್ಲ ಗೊತ್ತಾಗ್ತದೆ."

ಚಕ್ರದಡಿಗೆ ಇಡಲು ನಿಂಬೆಹಣ್ಣು ತಂದಿದ್ದೆ. ಅದಕ್ಕೂ ತಕರಾರು. ನಿಂಬೆಹಣ್ಣು ಹುಳಿಯಂತೆ, ಟಯರಿನ ಬಿಳಿ ಪಟ್ಟಿ ಹಳದಿಯಾಗುತ್ತದಂತೆ. ಕೊನೆಗೆ ಅವಳ ಪಾಲಿನ ನಿಂಬೆಹಣ್ಣುಗಳೂ ನನ್ನ ಜಪಾನಿ ಕಾರಿನಡಿಗೇ ಬಂದವು. ನಮ್ಮ ಬೀದಿಯಲ್ಲಿ ಎರಡು ಕಾರಿನ ದೃಷ್ಟಿ ತೆಗೆಸಿಕೊಂಡ ಕಾರು ಅದೊಂದೇ ಇರಬೇಕು.

ಇನ್ನು ದೀಪಾವಳಿಯ ಕಥೆ. ಅದನ್ನು ಹೇಳದಿದ್ದರೆ ನನ್ನ ಹೊಟ್ಟೆಕಿಚ್ಚು ಎಂಥದೆಂದು ನಿಮಗೆ ತಿಳಿಯುವುದಿಲ್ಲ. ಸ್ಯಾನ್ ಡಿಯಾಗೋದಲ್ಲಿದ್ದ ಇವರ ಉಡುಪಿಯ ಗೆಳೆಯರ ಮನೆಗೆ ಹಬ್ಬದೂಟಕ್ಕೆ ಹೊರಟಿದ್ದೆವು, ಅವಳಲ್ಲೇ. ಅವಳಿಗೆ ಸೀಟ್ ಬೆಲ್ಟ್ ಇರಲಿಲ್ಲ. ಅವಳು ಹುಟ್ಟಿದ ಕಾಲದಲ್ಲಿ ಬೆಲ್ಟ್ ಹಾಕಿ ಕಳಿಸುವ ಪದ್ಧತಿ ಇರಲಿಲ್ಲವಂತೆ. ನಾನು ರೇಷ್ಮೆ ಸೀರೆ ಉಟ್ಟು, ದಿನನಿತ್ಯದ ಸ್ಟಿಕ್ಕರ್ ಬೊಟ್ಟು ಕಿತ್ತುಹಾಕಿ, ಅಮ್ಮ ಬೆಂಗಳೂರಿನಿಂದ ಕಳಿಸಿದ ಕುಂಕುಮವನ್ನು ನೀರಿನಲ್ಲಿ ಕಲಸಿ ಹಣೆಗೆ ಅಗಲವಾಗಿ ಇಟ್ಟುಕೊಂಡಿದ್ದೆ. ಕಾರು ಹತ್ತಿದೊಡನೆ ತೂಕಡಿಸುವುದು ನನ್ನ ಅಭ್ಯಾಸ. ಅರ್ಧ ದಾರಿಯಲ್ಲಿ ಮುಂದಿನ ಟ್ರಕ್ಕು ತಟಕ್ಕನೆ ನಿಂತಿತು. ಇವರು ಬ್ರೇಕ್ ಒತ್ತಿದರು. ನನ್ನ ಹಣೆ ಹೋಗಿ ತಗಡಿನ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಬುಗುಟೆ ಎದ್ದಿತು, ಅಷ್ಟೇ. ಆದರೆ ನಾನು ಕಣ್ಣು ಬಿಟ್ಟಾಗ ಕಂಡದ್ದೇನು? ಕೆನೆ ಬಣ್ಣದ ಡ್ಯಾಶ್‌ಬೋರ್ಡಿನ ಮೇಲೆ ನನ್ನ ಕುಂಕುಮ ಕೆಂಪಗೆ ಮೆತ್ತಿಕೊಂಡಿದೆ. ನನ್ನ ಗಂಡ ಜೇಬಿನಿಂದ ಕರ್ಚೀಫ್ ತೆಗೆದು ಒರೆಸುತ್ತಿದ್ದಾರೆ. ನನ್ನ ಹಣೆಯನ್ನಲ್ಲ ಸ್ವಾಮಿ, ಡ್ಯಾಶ್‌ಬೋರ್ಡನ್ನು! ಮೊದಲು ಅದನ್ನು ಒರೆಸಿ, ಕರ್ಚೀಫನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಕಡೆ ತಿರುಗಿ "ನೋವಾಯ್ತಾ?" ಅಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಸ್ಯಾನ್ ಡಿಯಾಗೋದಲ್ಲಿ ಹೋಳಿಗೆ ಬಡಿಸಿದಾಗಲೂ ಮಾತಾಡಲಿಲ್ಲ. ವಾಪಸು ಬರುವಾಗ ಅಷ್ಟು ದೂರವೂ ಎಡಗೈಯಲ್ಲಿ ಸ್ಟಿಯರಿಂಗ್, ಬಲಗೈ ನನ್ನ ಮುಂದೆ ಅಡ್ಡ. ಆ ಕೈಯೂ ಅವಳಿಗೆ ಇನ್ನೊಂದು ಕಲೆ ಆಗದಿರಲಿ ಎಂದೇ ಇರಬೇಕೆಂದುಕೊಂಡೆ.

ಮರುವಾರ ಗ್ಯಾರೇಜಿನಿಂದ ಡ್ರಿಲ್ಲಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ ಇವರು ನನ್ನ ಸೀಟಿನ ಪಕ್ಕ, ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ತೂತು ಕೊರೆಯುತ್ತಿದ್ದರು. ಮುಖ ಸೂತಕದ ಮನೆಯವರ ಹಾಗಿತ್ತು. ಓಹೋ, ಸವತಿಗೆ ಕಿವಿ ಚುಚ್ಚುತ್ತಿದ್ದಾರೆ, ಇನ್ನು ಓಲೆಯೂ ಬರುತ್ತದೆ ಅಂದುಕೊಂಡೆ. ಬಂದದ್ದು ಬೆಲ್ಟು. ಗುಜರಿಯಿಂದ ತಂದದ್ದು, ಹೆಗಲಿನಿಂದ ಸೊಂಟದ ತನಕ ಕಟ್ಟುವಂಥದು, ನನ್ನ ಸೀಟಿಗೆ ಮಾತ್ರ.

"ನಿಮ್ಮ ಸೈಡಿಗೆ?"

"ನಂಗೆ ಬೇಡ. ಆಗ ಅದೆಲ್ಲ ಇರ್ಲಿಲ್ಲ."

ನನಗೆ ಎಲ್ಲ ಸ್ಪಷ್ಟವಾಯಿತು. ಇವರ ಸೀಟು ಅರವತ್ತೆರಡರದ್ದಾಗಿಯೇ ಉಳಿಯಬೇಕು. ನಾನು ಮಾತ್ರ ಡ್ಯಾಶ್‌ಬೋರ್ಡಿಗೆ ಮತ್ತೆ ಕುಂಕುಮ ಮೆತ್ತದ ಹಾಗೆ ದೂರದಲ್ಲಿ ಕಟ್ಟಿಹಾಕಿಸಿಕೊಳ್ಳಬೇಕು! ಅಂದಿನಿಂದ ಪ್ರತಿ ಪ್ರಯಾಣದಲ್ಲೂ ಆ ಬೆಲ್ಟು ನನ್ನ ಸೆರಗನ್ನು ಮುದುಡಿಸುತ್ತಿತ್ತು. ಪ್ರತಿ ಸಲವೂ ನಾನು ಗೊಣಗುತ್ತಿದ್ದೆ. ಇವರು ಬೆಲ್ಟು ಟಕ್ಕೆಂದು ಕೂತ ಸದ್ದು ಕೇಳುವ ತನಕ ಕಾರು ಹೊರಡಿಸುತ್ತಿರಲಿಲ್ಲ.

ಕಡೆಗೆ ಸ್ಯಾನ್ ಡಿಯಾಗೋದ ಹಳೆ ಕಾರುಗಳ ಪ್ರದರ್ಶನ ಬಂತು. ಪ್ರತಿ ಬಿಡಿಭಾಗವೂ ಕಾರು ಹುಟ್ಟಿದ ವರ್ಷದ್ದೇ ಆಗಿರುವ ಕಾರಿಗೆ ಅಲ್ಲೊಂದು ಬಹುಮಾನ, ಒಂದು ನೀಲಿ ರಿಬ್ಬನ್. ಇವರು ವರ್ಷಗಟ್ಟಲೆ ಗುಜರಿ ತಡಕಿದ್ದು ಅದಕ್ಕಾಗಿ. "ಅದೊಂದು ಸಿಕ್ಕಿದ್ರೆ ಮುಗೀತು, ಮತ್ತೆ ಭಾನುವಾರ ಎಲ್ಲ ನಿಂದೇ" ಎಂದು ಮಾತು ಕೊಟ್ಟಿದ್ದರು. ಹಾಗಾಗಿ ಸವತಿ ಗೆಲ್ಲಲಿ ಎಂದು ನಾನೇ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಹೊರಟೆ. ಎಂಥ ಗತಿ ನೋಡಿ!

ತೀರ್ಪುಗಾರ ಬಿಳಿಗಡ್ಡದ ಮುದುಕ. ಚಾಪೆ ಹಾಸಿ ಅವಳ ಅಡಿಯಲ್ಲಿ ಮಲಗಿದ, ದೀಪ ತಟ್ಟಿದ, ಕಿಟಕಿಯ ಹಿಡಿ ತಿರುಗಿಸಿದ. ಪ್ರತಿಯೊಂದಕ್ಕೂ ತಲೆದೂಗುತ್ತಾ ಬಂದ. ನಾನು ನನ್ನ ಭಾನುವಾರಗಳನ್ನು ಎಣಿಸತೊಡಗಿದೆ. ಆಮೇಲೆ ನನ್ನ ಕಡೆಯ ಬಾಗಿಲು ತೆಗೆದು ಬೆಲ್ಟು ಹಿಡಿದೆಳೆದ.

"ಇದು ಈ ಕಾರಿನದ್ದಲ್ಲ" ಅಂದ.

"ಅಲ್ಲ. ಎಂಬತ್ತೊಂಬತ್ತರದ್ದು" ಅಂದರು ನಮ್ಮವರು.

"ಕಂಬಕ್ಕೆ ತೂತನ್ನೂ ಕೊರೆದಿದ್ದೀಯಲ್ಲ ಮಗನೇ. ಇದೊಂದು ಇಲ್ಲದಿದ್ದರೆ ಇವತ್ತು ರಿಬ್ಬನ್ ನಿನ್ನದಾಗಿತ್ತು. ತೂತು ಮುಚ್ಚಿಸಿ, ಬಣ್ಣ ಹೊಡೆಸಿ, ಮುಂದಿನ ವರ್ಷ ತಗೊಂಡು ಬಾ. ಖಂಡಿತ ನಿನಗೇ."

ಇವರು ತಲೆ ಆಡಿಸಿದರು. "ಇಲ್ಲ ಸರ್. ಮೈ ವೈಫ್ ಸಿಟ್ಸ್ ದೇರ್."

ಅಷ್ಟೇ ಅಂದದ್ದು. ಮುದುಕ ಒಮ್ಮೆ ನನ್ನನ್ನು ನೋಡಿ, ಬಾಗಿಲನ್ನು ಮೆತ್ತಗೆ ಮುಚ್ಚಿ, ಮುಂದಿನ ಕಾರಿಗೆ ಹೋದ. ನೀಲಿ ರಿಬ್ಬನ್ ಸಿಕ್ಕಿದ್ದು ಯಾರಿಗೆ ಗೊತ್ತೇ? ಆರ್ಟೀಸಿಯಾದ ಆ ಹಚ್ಚೆಯವನಿಗೆ, ನಮ್ಮವರು ಕೊಟ್ಟ ಬಾಗಿಲಿನ ಹಿಡಿಯ ಸಮೇತ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮವರು.

ವಾಪಸು ಬರುವಾಗ ನಾನು ನಿದ್ದೆ ಮಾಡಲಿಲ್ಲ.

"ಬೆಲ್ಟಿಂದ ಸೋಲ್ತೀವಿ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರದೆ ಉಂಟಾ?"

"ಮತ್ತೆ ಯಾಕೆ ಹೋದ್ರಿ?"

"ಬೇರೆ ಎಲ್ಲ ಸರಿ ಉಂಟಾ ಅಂತ ಒಬ್ರು ನೋಡಿ ಹೇಳ್ಬೇಕಿತ್ತು."

ಸಮುದ್ರ ಪಕ್ಕದಲ್ಲೇ ಬರುತ್ತಿತ್ತು. ಮನಸ್ಸಿನಲ್ಲಿ ಕೊಳೆಯುತ್ತಿದ್ದುದನ್ನು ಕಡೆಗೂ ಕೇಳಿಬಿಟ್ಟೆ. "ಹಾಗಾದ್ರೆ ಆ ದೀಪಾವಳಿ ದಿನ ಮೊದಲು ಡ್ಯಾಶ್‌ಬೋರ್ಡ್ ಯಾಕ್ರೀ ಒರೆಸಿದ್ರಿ? ನನ್ನ ಹಣೆ ಯಾಕೆ ನೋಡಲಿಲ್ಲ?"

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ದನಿ ಸಣ್ಣಗಿತ್ತು.

"ಕುಂಕುಮವಾ ರಕ್ತವಾ ಗೊತ್ತಾಗ್ಲಿಲ್ಲ ಮಾರಾಯ್ತಿ. ನಿನ್ನ ಮುಖ ನೋಡ್ಲಿಕ್ಕೆ ಧೈರ್ಯ ಸಾಲ್ಲಿಲ್ಲ. ಮೊದ್ಲು ಒರೆಸಿ ನೋಡಿದೆ."

ನನಗೆ ಅಳು ಬಂತು. ಅತ್ತುಬಿಟ್ಟೆ. ಬೆಲ್ಟು ಸೆರಗನ್ನು ಮುದುಡಿಸುತ್ತಿತ್ತು, ಅದರಲ್ಲೇ ಮುಖ ಒರೆಸಿಕೊಂಡೆ. ಆಮೇಲೆ ಬೆಲ್ಟಿಲ್ಲದ ಇವರ ಬರಿಯ ಹೆಗಲು ಕಣ್ಣಿಗೆ ಬಿತ್ತು. ತೂತು ಕೊರೆದ ದಿನ ಒಮ್ಮೆ ಕೇಳಿದ್ದು ಬಿಟ್ಟರೆ, ಆಮೇಲೆ ಆ ಕಡೆ ನಾನು ನೋಡಿಯೇ ಇರಲಿಲ್ಲ.

"ಬರೋ ಭಾನುವಾರ ಗುಜರಿಗೆ ಹೋಗೋಣ" ಅಂದೆ. "ನಿಮ್ಮ ಸೈಡಿಗೂ ತೂತು ಕೊರೀರಿ."

"ಮತ್ತೆ ರಿಬ್ಬನ್ ಯಾವತ್ತೂ ಸಿಗ್ಲಿಕ್ಕಿಲ್ಲ."

"ಸಿಗದಿದ್ರೆ ಬೇಡ."

ಭಾನುವಾರ ಇವರು ಸತ್ತ ಕಾರುಗಳ ಸಾಲಿನಿಂದ ಒಂದು ಬೆಲ್ಟು ಬಿಚ್ಚಿ ತಂದು ನನ್ನ ಮುಂದೆ ಹಿಡಿದರು. ನಾನು ಅದರ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದೆ. ಪ್ರತಿ ಸಲವೂ ಗೊಣಗುತ್ತಾ ಒತ್ತಿದ ಕೆಂಪು ಗುಂಡಿ ನನ್ನದು, ಗೊತ್ತಾಗದೆ ಇರುತ್ತದೆಯೇ? ಇದರ ಗುಂಡಿ ಒಂದಿಷ್ಟು ಅಗಲವಿತ್ತು.

"ರೀ, ಇದು ತೊಂಬತ್ತರದ್ದು" ಅಂದೆ. "ನನ್ನದು ಎಂಬತ್ತೊಂಬತ್ತರದ್ದು. ಇನ್ನೊಂದು ಹುಡುಕಿ, ಜೋಡಿ ಆಗಬೇಕು."